ಹೊರೆ ಇಳಿಸಿ ಓಡಿಸುವ ರಸ್ತೆಗಳು: ಕಸ್ಟರ್ ಸ್ಟೇಟ್ ಪಾರ್ಕಿನಲ್ಲಿ ನಾಲ್ಕು ದಿನದ ಬೈಕ್ ಕ್ಯಾಂಪಿಂಗ್

ಡೆನ್ವರ್‌ನಿಂದ ಸೌತ್ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕಿಗೆ ಸುಮಾರು 370 ಮೈಲು, ಅಂದರೆ ಹತ್ತಿರ ಹತ್ತಿರ 600 ಕಿ.ಮೀ. ದಾರಿಯೆಲ್ಲ ಬಯಲು, ನೆಟ್ಟನೆ ರಸ್ತೆ, ಜೊತೆಗೆ ಬಿಡದೆ ಬೀಸುವ ಗಾಳಿ. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ನಡುವೆ 71,000 ಎಕರೆ ಹರಡಿರುವ ಪಾರ್ಕಿನೊಳಗೆ ಹೊಕ್ಕ ಮೇಲೆ ಲೆಕ್ಕ ಪೂರ್ತಿ ತಲೆಕೆಳಗು. ಅಲ್ಲಿ 14 ಮೈಲಿನ ನೀಡಲ್ಸ್ ಹೈವೇ ಇದೆ, 17 ಮೈಲಿಗೆ 314 ತಿರುವುಗಳಿರುವ ಐರನ್ ಮೌಂಟನ್ ರೋಡ್ ಇದೆ, ಕಾಡುಪ್ರಾಣಿಗಳ ನಡುವೆ ಹಾಯುವ 18 ಮೈಲಿನ ವೈಲ್ಡ್‌ಲೈಫ್ ಲೂಪ್ ಇದೆ. ಮೂರೂ ಸೇರಿದರೆ 50 ಮೈಲು ದಾಟುವುದಿಲ್ಲ, ಆದರೆ ನೆಟ್ಟಗೆ ನೋಡಲು ಎರಡು ದಿನ ಬೇಕು.

ಆದ್ದರಿಂದ ಇಲ್ಲಿನ ಯೋಜನೆ ಸರಳ. ಟೆಂಟ್, ಹಾಸಿಗೆ, ಒಲೆಗಳ ಹೊರೆಯನ್ನು ನೆಟ್ಟನೆ ರಸ್ತೆಯಲ್ಲಿ ಹೊತ್ತು ತರುವುದು, ಒಂದೇ ಕಡೆ ಮೂರು ರಾತ್ರಿ ಬಿಡಾರ ಹೂಡುವುದು, ತಿರುವಿನ ರಸ್ತೆಗಳನ್ನು ಖಾಲಿ ಬೈಕಿನಲ್ಲಿ ಸುತ್ತುವುದು. ರಾತ್ರಿಗೊಂದು ಕ್ಯಾಂಪ್‌ಗ್ರೌಂಡ್ ಬದಲಿಸುವವರೂ ಇದ್ದಾರೆ. ಅವರ ದಿನದಲ್ಲಿ ಎರಡು ಗಂಟೆ ಟೆಂಟ್ ಬಿಚ್ಚಿ ಕಟ್ಟುವುದರಲ್ಲೇ ಹೋಗುತ್ತದೆ, ಹೇರ್‌ಪಿನ್‌ಗಳಲ್ಲಿ ಹೊರೆಯ ಬೈಕು ಹೊರಳಿಸುವ ಕಷ್ಟ ಬೇರೆ.

ಇನ್ನು ಕಾಲ. ಆಗಸ್ಟ್ ಮೊದಲರ್ಧ ಬೇಡ. ಆಗ ಉತ್ತರಕ್ಕಿರುವ ಸ್ಟರ್ಜಿಸ್ ಊರಿನಲ್ಲಿ 1938ರಲ್ಲಿ ಶುರುವಾದ ಬೈಕ್ ಜಾತ್ರೆ ನಡೆಯುತ್ತದೆ. ಸುತ್ತಲಿನ ರಸ್ತೆಗಳಲ್ಲಿ ಬೈಕುಗಳ ಸಾಲು, ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೂನ್‌ನಲ್ಲಿ ಹಸಿರು ಚೆನ್ನ, ಆದರೆ ಮಧ್ಯಾಹ್ನದ ಗುಡುಗು ಮತ್ತು ಆಲಿಕಲ್ಲಿಗೆ ಸಿದ್ಧರಿರಬೇಕು. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆ ಮುಗಿದ ಮೇಲಿನ ಎರಡು ವಾರ ಎಲ್ಲಕ್ಕಿಂತ ಒಳ್ಳೆಯದು. ಆ ತಿಂಗಳ ಕೊನೆಯ ಶುಕ್ರವಾರ ಬೈಸನ್ (ಅಮೆರಿಕದ ಕಾಡುಕೋಣದಂಥ ಪ್ರಾಣಿ) ಹಿಂಡನ್ನು ಕುದುರೆ ಸವಾರರು ಅಟ್ಟಿ ತರುವ ರೌಂಡಪ್ ಇರುತ್ತದೆ. ನೋಡಲೇಬೇಕು ಎನ್ನುವವರು ಕ್ಯಾಂಪ್‌ಸೈಟನ್ನು ಬಹಳ ಮೊದಲೇ ಹಿಡಿದಿಡಬೇಕು. ಈ ಪಾರ್ಕಿನ ಜಾಗಗಳನ್ನು ಒಂದು ವರ್ಷ ಮುಂಚೆಯೇ ಕಾಯ್ದಿರಿಸಬಹುದು.

ಹಿಂದಿನ ಸಂಜೆ: ಹೊರೆ ಕಟ್ಟುವುದು

ಉದಾಹರಣೆಗೆ ಸುಜುಕಿ ವಿ-ಸ್ಟ್ರಾಮ್ 650 ಇಟ್ಟುಕೊಳ್ಳೋಣ. ಪೆಟ್ರೋಲ್ ತುಂಬಿದಾಗ ಸುಮಾರು 215 ಕೆ.ಜಿ. ತೂಗುತ್ತದೆ, ಟ್ಯಾಂಕು 20 ಲೀಟರ್. ಒಬ್ಬರಿಗೆ ಬೇಕಾದ ಸರಂಜಾಮು 17 ಕೆ.ಜಿ.ಯೊಳಗೆ ಮುಗಿಯಬೇಕು: ಟೆಂಟ್ 2, ಸ್ಲೀಪಿಂಗ್ ಬ್ಯಾಗ್ ಮತ್ತು ಗಾಳಿ ತುಂಬುವ ಹಾಸಿಗೆ ಸೇರಿ 1.7, ಒಲೆ ಪಾತ್ರೆ ಗ್ಯಾಸ್ 1, ನೀರು 3 ಲೀಟರ್, ಊಟದ ಸಾಮಾನು 2.5, ಬಟ್ಟೆ 3, ಮಳೆ ಅಂಗಿ 1.2, ಟೂಲ್ ಮತ್ತು ಪಂಕ್ಚರ್ ಕಿಟ್ 2.5. ಇದಕ್ಕಿಂತ ಹೆಚ್ಚಾದರೆ ಬಟ್ಟೆಯ ಚೀಲ ಬಿಚ್ಚಿ ನೋಡಿ, ಕಳ್ಳ ಅಲ್ಲೇ ಇರುತ್ತಾನೆ.

ನೀರು, ಟೂಲು, ಊಟದಂಥ ಭಾರದವು ಎರಡೂ ಬದಿಗೆ ತೂಗುವ ಪೆಟ್ಟಿಗೆಗಳಾದ ಪ್ಯಾನಿಯರ್‌ಗಳ ತಳದಲ್ಲಿ, ಎಡಬಲ ಸಮತೂಕವಾಗಿ ಇರಬೇಕು. ಒಂದು ಕೆ.ಜಿ. ವ್ಯತ್ಯಾಸ ನಡೆಯುತ್ತದೆ, ಮೂರಾದರೆ ನೆಟ್ಟನೆ ರಸ್ತೆಯಲ್ಲೂ ಬೈಕು ಒಂದು ಕಡೆ ಎಳೆಯುತ್ತದೆ. ಟೆಂಟ್ ಮತ್ತು ಸ್ಲೀಪಿಂಗ್ ಬ್ಯಾಗ್ ಹಗುರ, ಆದರೆ ಗಾತ್ರ ದೊಡ್ಡದು. ಇವನ್ನು ನೀರು ಹೊಗದ ಉದ್ದ ಚೀಲದಲ್ಲಿ ತುಂಬಿ ಹಿಂಬದಿ ಸೀಟಿನ ಮೇಲೆ ಅಡ್ಡಲಾಗಿ, ಬೆನ್ನಿಗೆ ತಾಗುವಷ್ಟು ಮುಂದಕ್ಕೆ ಕಟ್ಟಬೇಕು. ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿದರೆ ತೂಕ ಹಿಂಚಕ್ರದ ಅಚ್ಚು ದಾಟಿ ಹಿಂದೆ ಹೋಗುತ್ತದೆ. ಮುಂಚಕ್ರ ಹಗುರಾಗಿ 70 ಮೈಲು ವೇಗದಲ್ಲಿ ಹ್ಯಾಂಡಲ್ ಅಲುಗಾಡಲು ಶುರುವಾಗುವುದು ಹೆಚ್ಚಾಗಿ ಈ ಕಾರಣಕ್ಕೇ.

ರಬ್ಬರ್ ಕೊಕ್ಕೆ ಹಗ್ಗ ಬೇಡ, ಬಕಲ್ ಇರುವ ಪಟ್ಟಿ ಎರಡು ಸಾಕು. ಉಳಿದ ತುದಿಯನ್ನು ಸುತ್ತಿ ಪಟ್ಟಿಯ ಕೆಳಗೇ ಸಿಕ್ಕಿಸಿ. ಬಿಟ್ಟ ತುದಿ ಚೈನಿಗೆ ಸಿಕ್ಕರೆ ಹಿಂಚಕ್ರ ಕಚ್ಚಿಕೊಳ್ಳುತ್ತದೆ, ಸೈಲೆನ್ಸರಿಗೆ ತಾಗಿದರೆ ಕರಗಿ ಕಡಿಯುತ್ತದೆ.

ಹಿಂದಿನ ಶಾಕ್‌ನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಅಮುಕಿಡುವ ಬಿಗಿಯನ್ನು, ಹೆಚ್ಚಿಸಬೇಕು. ಈ ಬೈಕಿನಲ್ಲಿ ಕೈಯಲ್ಲೇ ತಿರುಗಿಸುವ ಗುಂಡಿ ಇದೆ. ಎಷ್ಟು ಸುತ್ತು ತಿರುಗಿಸಿದಿರಿ ಎಂದು ಬರೆದಿಟ್ಟುಕೊಳ್ಳಿ, ನಾಳೆ ಸಂಜೆ ಅಷ್ಟೇ ಸುತ್ತು ಹಿಂದಕ್ಕೆ ತರಬೇಕು. ಹಿಂಟೈರಿನ ಗಾಳಿಯನ್ನು ಬೈಕಿನ ಸ್ಟಿಕರ್‌ನಲ್ಲಿ ಇಬ್ಬರ ಸವಾರಿಗೆ ಬರೆದಿರುವ ಮಟ್ಟಕ್ಕೆ ಏರಿಸಿ, ಟೈರ್ ತಣ್ಣಗಿರುವಾಗಲೇ. ಚೈನಿನ ಸಡಿಲ ಮ್ಯಾನುಯಲ್ ಹೇಳಿದಷ್ಟಿದೆಯೇ ನೋಡಿ. ಹೊರೆಗೆ ಹಿಂಭಾಗ ತಗ್ಗಿದಾಗ ಚೈನು ಇನ್ನಷ್ಟು ಬಿಗಿಯುತ್ತದೆ, ಮೊದಲೇ ಬಿಗಿಯಿದ್ದರೆ ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು. ಹಿಂಭಾಗ ತಗ್ಗಿದರೆ ಹೆಡ್‌ಲೈಟ್ ಕೂಡ ಮೇಲೇರುತ್ತದೆ. ಎದುರಿನವರು ಪದೇಪದೇ ಲೈಟ್ ಮಿನುಗಿಸಿದರೆ ತಪ್ಪು ಅವರದಲ್ಲ.

ಮೊದಲ ದಿನ: ಡೆನ್ವರ್‌ನಿಂದ ಲೀಜನ್ ಲೇಕ್

ಬೆಳಿಗ್ಗೆ 6ಕ್ಕೆ ಹೊರಟರೆ ನಗರದ ಗದ್ದಲ ಏಳುವ ಮೊದಲೇ ಐ-25ರಲ್ಲಿ ಉತ್ತರಕ್ಕೆ ಇರಬಹುದು. 20 ಮೈಲು ಓಡಿದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ಸ್ಲೀಪಿಂಗ್ ಬ್ಯಾಗ್ ಅಮುಕಿಕೊಂಡು ಪಟ್ಟಿ ಸಡಿಲಾಗಿಯೇ ಇರುತ್ತದೆ. 100 ಮೈಲಿಗೆ ವಯೋಮಿಂಗ್‌ನ ಷೈಯೆನ್ ಸಿಗುತ್ತದೆ. ಅಲ್ಲಿ ಫ್ರೀವೇ ಬಿಟ್ಟು ಯುಎಸ್ 85 ಹಿಡಿದರೆ ಟೊರಿಂಗ್ಟನ್, ಲಸ್ಕ್ ದಾಟಿ ಮ್ಯೂಲ್ ಕ್ರೀಕ್ ಜಂಕ್ಷನ್; ಅಲ್ಲಿಂದ ಬಲಕ್ಕೆ ಯುಎಸ್ 18ರಲ್ಲಿ ಎಜ್‌ಮಾಂಟ್, ಹಾಟ್ ಸ್ಪ್ರಿಂಗ್ಸ್. ಗಡಿಯಾರ ಬದಲಿಸಬೇಕಿಲ್ಲ, ಮೂರೂ ಕಡೆ ಮೌಂಟನ್ ಟೈಮ್.

ಪೆಟ್ರೋಲ್ ಪಂಪಿನಲ್ಲಿ ಒಂದು ಗೊಂದಲವಿದೆ. ಎತ್ತರದ ಈ ರಾಜ್ಯಗಳಲ್ಲಿ 'ರೆಗ್ಯುಲರ್' ಎಂದರೆ ಸಾಮಾನ್ಯವಾಗಿ 85 ಆಕ್ಟೇನ್ (ಪೆಟ್ರೋಲಿನ ದರ್ಜೆ ಹೇಳುವ ಅಂಕೆ). ಹಳೆಯ ಕಾರ್ಬ್ಯುರೇಟರ್ ಎಂಜಿನ್‌ಗಳ ಕಾಲದಿಂದ ಉಳಿದ ಪದ್ಧತಿ ಇದು. ಇಂದಿನ ಇಂಜೆಕ್ಷನ್ ಬೈಕುಗಳ ಮ್ಯಾನುಯಲ್ ಬಹುಪಾಲು 87 ಕೇಳುತ್ತದೆ, ಆದ್ದರಿಂದ ನಡುವಿನ ಗುಂಡಿ ಒತ್ತಿ. ಇನ್ನೊಂದು 85 ಇದೆ, ಅದರ ಹೆಸರು ಇ85. ಅದು ಬಹುಪಾಲು ಎಥನಾಲ್ ಇರುವ ಇಂಧನ, ಅದಕ್ಕೆಂದೇ ಮಾಡಿದ ಕಾರುಗಳಿಗೆ ಮಾತ್ರ. ಹೆಚ್ಚಾಗಿ ಹಳದಿ ಹಿಡಿಕೆ. ಬೈಕಿಗೆ ತುಂಬಿದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗದೆ ಎಂಜಿನ್ ಮುಗ್ಗರಿಸುತ್ತದೆ.

ಲಸ್ಕ್‌ನಲ್ಲಿ ಟ್ಯಾಂಕು ಅರ್ಧ ಇದ್ದರೂ ತುಂಬಿಸಿ. ಅಮೆರಿಕದಲ್ಲಿ ಅತಿ ಕಡಿಮೆ ಜನರಿರುವ ರಾಜ್ಯ ವಯೋಮಿಂಗ್, ಅದರಲ್ಲೂ ಅತಿ ಕಡಿಮೆ ಜನರಿರುವ ಜಿಲ್ಲೆ ಲಸ್ಕ್‌ನ ನಯೊಬ್ರಾರ ಕೌಂಟಿ. ಮುಂದಿನ 70 ಮೈಲಿನಲ್ಲಿ ಹೆಚ್ಚೆಂದರೆ ಜಂಕ್ಷನ್ನಿನ ವಿಶ್ರಾಂತಿ ತಾಣ, ಬೇಲಿ, ದನ. ಬರಿ ಬೈಕು ಲೀಟರಿಗೆ 20 ಕಿ.ಮೀ. ಕೊಡುತ್ತಿದ್ದರೆ ಹೊರೆ ಮತ್ತು ಎದುರುಗಾಳಿ ಸೇರಿ 16ಕ್ಕೆ ಇಳಿಯುವುದುಂಟು. ಅಂದರೆ 400 ಕಿ.ಮೀ. ಎಂದುಕೊಂಡ ಟ್ಯಾಂಕು 320ಕ್ಕೆ ಮುಗಿಯುತ್ತದೆ.

ಈ ದಿನದ ನಿಜವಾದ ಎದುರಾಳಿ ಪಶ್ಚಿಮದ ಗಾಳಿ. ಉತ್ತರಕ್ಕೆ ಹೋಗುವಾಗ ಎಡಪಕ್ಕಕ್ಕೆ ಬಡಿಯುತ್ತಲೇ ಇರುತ್ತದೆ. ಬೈಕು ಎಡಕ್ಕೆ ವಾಲಿಕೊಂಡೇ ನೆಟ್ಟಗೆ ಓಡುತ್ತದೆ, ಅದರಲ್ಲಿ ಹೆದರುವಂಥದ್ದಿಲ್ಲ. ಹೆದರಬೇಕಾದ್ದು ಎದುರಿನಿಂದ ದೊಡ್ಡ ಟ್ರಕ್ಕು ಬಂದಾಗ: ಅದು ಪಕ್ಕದಲ್ಲಿ ಹಾಯುವ ಕ್ಷಣ ಗಾಳಿ ನಿಂತು ಬೈಕು ಟ್ರಕ್ಕಿನ ಕಡೆ ವಾಲುತ್ತದೆ, ಹಾದು ಹೋದ ಕೂಡಲೇ ಬಲಕ್ಕೆ ನೂಕುತ್ತದೆ. ಟ್ರಕ್ಕು ದೂರದಲ್ಲಿ ಕಂಡಾಗಲೇ ಲೇನಿನ ನಡುವಿನಿಂದ ತುಸು ಬಲಕ್ಕೆ ಸರಿದು, ಮಂಡಿಯಲ್ಲಿ ಟ್ಯಾಂಕು ಹಿಡಿದು, ಕೈ ಸಡಿಲ ಬಿಡಿ. ಹ್ಯಾಂಡಲನ್ನು ಗಟ್ಟಿ ಹಿಡಿದಷ್ಟೂ ಬೈಕು ಓಲಾಡುತ್ತದೆ. ವೇಗವನ್ನು 5-10 ಮೈಲು ಇಳಿಸಿದರೆ ಅರ್ಧ ತೊಂದರೆ ಅಲ್ಲೇ ಕಡಿಮೆ.

ಹಾಟ್ ಸ್ಪ್ರಿಂಗ್ಸ್ ದಾಟಿ ಯುಎಸ್ 385, ಅಲ್ಲಿಂದ ರಾಜ್ಯ ಹೆದ್ದಾರಿ 87. ಇದು ವಿಂಡ್ ಕೇವ್ ನ್ಯಾಷನಲ್ ಪಾರ್ಕಿನ ನಡುವೆ ಹಾದು ನೇರ ಕಸ್ಟರ್ ಪಾರ್ಕಿಗೆ ಸೇರುತ್ತದೆ. ಮುಸ್ಸಂಜೆಗೆ ಜಿಂಕೆಗಳು ರಸ್ತೆಗೆ ಇಳಿಯುತ್ತವೆ, ಹೊರೆಯ ಬೈಕಿಗೆ ನಿಲ್ಲಲು ಜಾಗ ಹೆಚ್ಚು ಬೇಕು. ಹಾಗಾಗಿ 5 ಗಂಟೆಯೊಳಗೆ ಈ ತುಂಡು ಮುಗಿಸುವಂತೆ ಹೊರಟರೆ ಕ್ಷೇಮ. ಪ್ರವೇಶ ಪರವಾನಗಿ ತೆಗೆದುಕೊಂಡು ಹ್ಯಾಂಡಲಿನ ಹತ್ತಿರ ಕಾಣುವಂತೆ ಇಟ್ಟುಕೊಳ್ಳಿ. ಯುಎಸ್ 16ಎ ಮೇಲೆ ಎಲ್ಲೂ ನಿಲ್ಲದೆ ದಾಟಿ ಹೋಗುವವರಿಗೆ ಮಾತ್ರ ಶುಲ್ಕವಿಲ್ಲ.

ಬಿಡಾರಕ್ಕೆ ಲೀಜನ್ ಲೇಕ್ ಆರಿಸಲು ಕಾರಣ ಅದು 87 ಮತ್ತು 16ಎ ರಸ್ತೆಗಳು ಸೇರುವ ಕಡೆ ಇರುವುದು. ಮೂರೂ ರಸ್ತೆಗೆ ಅಲ್ಲಿಂದ ಹತ್ತಿರ. ಸಿಲ್ವನ್ ಲೇಕ್ ಕ್ಯಾಂಪ್‌ಗ್ರೌಂಡ್ ಚೆಲುವಿನಲ್ಲಿ ಮೇಲು, ಆದರೆ 6,100 ಅಡಿಗೂ ಎತ್ತರ. ಸೆಪ್ಟೆಂಬರ್ ಮುಂಜಾನೆ ಸೀಟಿನ ಮೇಲೆ ಮಂಜುಗಡ್ಡೆಯ ಪದರ ಕಂಡರೆ ಅಚ್ಚರಿಯಿಲ್ಲ. ಜೊತೆಗೆ ಅಲ್ಲಿಗೆ ತಲುಪಲು ಹೊರೆ ಹೊತ್ತೇ ತಿರುವು ಏರಬೇಕು.

ಜಾಗದಲ್ಲಿ ನೆಲ ಗಟ್ಟಿ ಜಲ್ಲಿ. ಟೆಂಟ್ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟ ಬಾಗುತ್ತದೆ. 8-10 ಇಂಚಿನ ಉಕ್ಕಿನ ಮೊಳೆ ಆರು ತಂದಿದ್ದರೆ ಕಲ್ಲಿನಿಂದಲೇ ಹೊಡೆಯಬಹುದು. ಕಂಬಿಗಳ ಮೇಲೆ ತಾನೇ ನಿಲ್ಲುವ ಟೆಂಟೇ ಇಲ್ಲಿಗೆ ಸರಿ. ಹೂಡುವ ಮೊದಲು ತಲೆಯೆತ್ತಿ ನೋಡಿ. 2017ರ ಡಿಸೆಂಬರಿನಲ್ಲಿ ಲೀಜನ್ ಲೇಕ್ ಹೆಸರಿನ ಕಾಡ್ಗಿಚ್ಚು ಇಲ್ಲಿಂದಲೇ ಎದ್ದು 54,000 ಎಕರೆಯಷ್ಟು ಸುಟ್ಟಿತು. ಮರವೊಂದು ವಿದ್ಯುತ್ ತಂತಿಯ ಮೇಲೆ ಬಿದ್ದದ್ದು ಕಾರಣ. ಸತ್ತು ನಿಂತ ಮರ, ಒಣಗಿ ಜೋತ ಕೊಂಬೆ ಇವುಗಳ ಕೆಳಗೆ ಟೆಂಟ್ ಬೇಡ. ಬೈಕನ್ನು ಟೆಂಟಿನಿಂದ ಒಂದು ಬೈಕಿನ ಉದ್ದ ದೂರದಲ್ಲಿ, ಸೈಡ್ ಸ್ಟ್ಯಾಂಡಿನ ಕೆಳಗೆ ಅಂಗೈ ಅಗಲದ ತಗಡು ಇಟ್ಟು, ಮೊದಲ ಗೇರಿನಲ್ಲಿ ನಿಲ್ಲಿಸಿ. ರಾತ್ರಿ ಮಳೆಗೆ ಜಲ್ಲಿ ಸಡಿಲಾದರೆ ಸ್ಟ್ಯಾಂಡು ಇಳಿಯುತ್ತದೆ, ಬೆಳಗಿಗೆ ಬೈಕು ಮಲಗಿರುತ್ತದೆ.

ಹೊರೆ ಇಳಿದ ಮೇಲೆ ಮಲಗುವ ಮುನ್ನ ಮಾಡುವ ಕೆಲಸ ಎರಡು: ಬರೆದಿಟ್ಟಷ್ಟು ಸುತ್ತು ಪ್ರೀಲೋಡ್ ಹಿಂದಕ್ಕೆ, ಪ್ಯಾನಿಯರ್ ಕಳಚಿ ಟೆಂಟಿನ ಪಕ್ಕಕ್ಕೆ. ಗಾಳಿ ಇಳಿಸುವುದು ಬೆಳಿಗ್ಗೆ, ಟೈರ್ ತಣ್ಣಗಾದ ಮೇಲೆ. ಇದನ್ನು ಮರೆತರೆ ಗಡಸು ಹಿಂಟೈರು ನಾಳೆಯ ತಿರುವುಗಳಲ್ಲಿ ಸಣ್ಣ ಉಬ್ಬಿಗೂ ಪುಟಿಯುತ್ತದೆ.

ಅಡುಗೆಗೂ ಎತ್ತರದ ಲೆಕ್ಕ ಬೇಕು. ಸುಮಾರು 1,500 ಮೀಟರಿನಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಮುಗಿಯುತ್ತದೆ, ಅಕ್ಕಿಗೂ ತಾಳ್ಮೆ ಬೇಕು. ಹುರಿದ ರವೆಗೆ ಒಗ್ಗರಣೆ ಮೊದಲೇ ಬೆರೆಸಿ ತಂದರೆ ಅರ್ಧ ಲೀಟರ್ ಕುದಿನೀರಿಗೆ ಉಪ್ಪಿಟ್ಟು ಸಿದ್ಧ. ಗಟ್ಟಿ ಅವಲಕ್ಕಿಗೆ ಒಲೆಯೇ ಬೇಡ. ಅರ್ಧ ಲೀಟರ್ ನೀರು ಕುದಿಸಲು ಗಾಳಿಯಿಲ್ಲದಾಗ 7-8 ಗ್ರಾಂ ಗ್ಯಾಸ್ ಬೇಕು. ದಿನಕ್ಕೆ ಆರು ಸಲ ಎಂದರೂ 100 ಗ್ರಾಂ ಡಬ್ಬಿ ಎರಡು ದಿನಕ್ಕೆ ಸರಿಹೋಗುತ್ತದೆ, ಆದ್ದರಿಂದ 230 ಗ್ರಾಂನದು ತನ್ನಿ. ಗಾಳಿ ತಡೆಯಲೆಂದು ತಗಡಿನ ಮರೆಯನ್ನು ಡಬ್ಬಿಯ ಸುತ್ತ ಪೂರ್ತಿ ಮುಚ್ಚಬಾರದು, ಡಬ್ಬಿ ಕಾದು ಸಿಡಿಯಬಹುದು. ಚಳಿಯೆಂದು ಟೆಂಟಿನೊಳಗೆ ಒಲೆ ಹಚ್ಚುವುದಂತೂ ಸಲ್ಲದು. ಉಳಿದ ತಿಂಡಿ ಬೀಗ ಹಾಕಿದ ಪ್ಯಾನಿಯರಿನೊಳಗೆ ಇರಲಿ, ರಕೂನ್‌ಗಳಿಗೆ ಜಿಪ್ ತೆಗೆಯುವುದು ಕಷ್ಟವೇನಲ್ಲ. ಸೌದೆಯನ್ನು ಮನೆಯಿಂದ ತರಬೇಡಿ, ಮರ ಕೊರೆಯುವ ಹುಳು ಅದರೊಂದಿಗೆ ಬರುತ್ತದೆ, ಪಾರ್ಕಿನಲ್ಲೇ ಕೊಳ್ಳಿ.

ಎರಡನೆಯ ದಿನ: ನೀಡಲ್ಸ್ ಹೈವೇ

ಸೆಪ್ಟೆಂಬರ್ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಆರೂವರೆಗೆ. ಏಳಕ್ಕೆ ಹೊರಟರೆ ನೀಡಲ್ಸ್ ಹೈವೇ ಬಹುಪಾಲು ನಿಮ್ಮದೇ. ಹತ್ತು ಗಂಟೆಯಾದರೆ ಕಾರುಗಳ ಹಿಂದೆ ಕ್ಲಚ್ ಹಿಡಿದು ತೆವಳಬೇಕು.

ಈ ರಸ್ತೆಯ ರೇಖೆ ಎಳೆದವರು ಪೀಟರ್ ನಾರ್ಬೆಕ್. 1917ರಿಂದ 1921ರವರೆಗೆ ಸೌತ್ ಡಕೋಟಾದ ಗವರ್ನರ್, ಆಮೇಲೆ 1936ರಲ್ಲಿ ತೀರಿಕೊಳ್ಳುವವರೆಗೆ ಸೆನೆಟರ್. 1919ರಲ್ಲಿ ಈ ಪಾರ್ಕು ರೂಪುಗೊಂಡದ್ದು ಅವರ ಕಾಲದಲ್ಲೇ. ಗ್ರಾನೈಟ್ ಕಂಬಗಳ ನಡುವೆ ನಡೆದು, ಕುದುರೆಯೇರಿ ಜಾಡು ಗುರುತಿಸಿದರು; ಎಂಜಿನಿಯರ್ ಸ್ಕೋವೆಲ್ ಜಾನ್ಸನ್ ಅದನ್ನು ರಸ್ತೆಯಾಗಿಸಿದರು. 1922ರಲ್ಲಿ ಮುಗಿಯಿತು. ಬೇಗ ತಲುಪಿಸಲು ಮಾಡಿದ ರಸ್ತೆಯಲ್ಲ, ನಿಧಾನ ಮಾಡಿಸಲೆಂದೇ ಮಾಡಿದ್ದು. ಇದನ್ನು ಒಪ್ಪಿಕೊಂಡ ಸವಾರನಿಗೆ ಮಾತ್ರ ಇಲ್ಲಿ ಸುಖ. ಹಿಮಗಾಲದಲ್ಲಿ ಮುಚ್ಚಿರುತ್ತದೆ.

ಖಾಲಿ ಬೈಕಿನ ಬೆಲೆ ತಿಳಿಯುವುದು ಇಲ್ಲಿಯ ಬಲ ಹೇರ್‌ಪಿನ್‌ಗಳಲ್ಲಿ. ಅಮೆರಿಕದಲ್ಲಿ ರಸ್ತೆಯ ಬಲಕ್ಕೆ ಓಡಿಸುವುದರಿಂದ ಒಳಮೈಯ ಬಿಗಿ ತಿರುವು ಬಲದ್ದು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಕಲಿತವರ ಕಣ್ಣಿಗೆ ಬಿಗಿ ತಿರುವೆಂದರೆ ಎಡದ್ದು, ಬಲಕ್ಕೆ ಧಾರಾಳ ಜಾಗ. ಆ ಅಭ್ಯಾಸದಲ್ಲಿ ಬಲ ತಿರುವನ್ನು ಅಗಲವಾಗಿ ತೆಗೆದುಕೊಂಡರೆ ಎದುರಿನವರ ಲೇನಿನಲ್ಲಿ ಇರುತ್ತೀರಿ. ತಿರುವಿಗೆ ಮೊದಲೇ ಮೊದಲನೆಯ ಗೇರು, ಎಂಜಿನ್ ತುಸು ಎಳೆಯುತ್ತಿರಲಿ, ಹಿಂಬ್ರೇಕ್ ಮೇಲೆ ಪಾದದ ಹಗುರ ಒತ್ತಡ. ಲೇನಿನ ಎಡ ಅಂಚಿನಿಂದ ಹೊಕ್ಕು, ತಿರುವು ಮುಗಿಯುವ ಜಾಗದ ಕಡೆ ತಲೆ ಪೂರ್ತಿ ತಿರುಗಿಸಿ. ಏರುದಾರಿಯಲ್ಲಿ ನಡುವೆ ಕ್ಲಚ್ ಪೂರ್ತಿ ಒತ್ತಿದರೆ ಎಳೆತ ಸತ್ತು ಬೈಕು ಒಳಕ್ಕೆ ಬೀಳುತ್ತದೆ. ಬಲಕ್ಕೆ ಇಳಿಜಾರಿದ್ದರೆ ಕಾಲೂರಲು ನೆಲ ಸಿಗುವುದಿಲ್ಲ. ಬಿದ್ದ ಬೈಕುಗಳಲ್ಲಿ ಬಹಳಷ್ಟು ಬೀಳುವುದು ನಡಿಗೆಯ ವೇಗದಲ್ಲಿ, ಇಂಥ ಕಡೆಯೇ.

ಬಿದ್ದರೆ ಮೊದಲು ಇಂಜಿನ್ ಕಿಲ್ ಸ್ವಿಚ್. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿ, ಗೇರಿಗೆ ಹಾಕಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಒಂದು ಕೈ ಹ್ಯಾಂಡಲಿನ ಕೆಳಗಿನ ಹಿಡಿ, ಇನ್ನೊಂದು ಹಿಂದಿನ ಚೌಕಟ್ಟು, ಕಾಲಿನ ಬಲದಲ್ಲಿ ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ತಳ್ಳಿ. ಸೊಂಟದಿಂದ ಎತ್ತಲು ಹೋದರೆ ಪ್ರವಾಸ ಅಲ್ಲಿಗೇ ಮುಗಿದೀತು.

ಸುರಂಗಗಳು ಮೂರು. ಎಲ್ಲಕ್ಕಿಂತ ಇಕ್ಕಟ್ಟಾದ ನೀಡಲ್ಸ್ ಐ ಸುರಂಗದ ಅಗಲ 8 ಅಡಿ. ಬೈಕಿಗೆ ಅಗಲ ಸಾಲುತ್ತದೆ, ತೊಂದರೆ ಬೆಳಕಿನದು. ಬಿಸಿಲಿನಿಂದ ಒಳಹೊಕ್ಕ ಕಣ್ಣಿಗೆ ಎರಡು ಸೆಕೆಂಡು ಏನೂ ಕಾಣುವುದಿಲ್ಲ, ಒಳಗೆ ಫೋಟೊ ತೆಗೆಯುತ್ತ ನಿಂತವರಿರುತ್ತಾರೆ, ನೆಲದಲ್ಲಿ ಬಂಡೆಯಿಂದ ತೊಟ್ಟಿಕ್ಕಿದ ನೀರು. ಕಪ್ಪು ವೈಸರ್ ಮೇಲೆತ್ತಿ, ಬಾಯಲ್ಲಿ ನಿಂತು ಹಾರ್ನ್ ಹೊಡೆದು, ಎದುರಿನಿಂದ ಯಾರೂ ಇಲ್ಲವೆಂದು ಖಚಿತವಾದ ಮೇಲೆ ನಡುಗೆರೆಯಲ್ಲಿ ನೆಟ್ಟಗೆ ಸಾಗಿ. ಒಳಗೆ ಮುಂಬ್ರೇಕ್ ಮುಟ್ಟಬೇಡಿ.

ಸುರಂಗದಿಂದ ಸಿಲ್ವನ್ ಲೇಕ್ ಹತ್ತಿರ. ಕೆರೆಯ ದಂಡೆಯಿಂದ ಬ್ಲ್ಯಾಕ್ ಎಲ್ಕ್ ಶಿಖರಕ್ಕೆ ಹೋಗಿಬರಲು ಏಳು ಮೈಲು, ನಾಲ್ಕರಿಂದ ಐದು ಗಂಟೆ. ಎತ್ತರ 7,242 ಅಡಿ, ತುದಿಯಲ್ಲಿ ಕಲ್ಲಿನಲ್ಲಿ ಕಟ್ಟಿದ ಹಳೆಯ ಬೆಂಕಿ ಕಾವಲು ಗೋಪುರ. ಹಾರ್ನಿ ಎಂಬ ಸೇನಾಧಿಕಾರಿಯ ಹೆಸರಿದ್ದ ಬೆಟ್ಟಕ್ಕೆ ಈ ನಾಡಿನ ಮೂಲನಿವಾಸಿಗಳಾದ ಲಕೋಟ ಜನರ ಪೂಜ್ಯ ಹಿರಿಯ ಬ್ಲ್ಯಾಕ್ ಎಲ್ಕ್ ಅವರ ಹೆಸರು ಬಂದದ್ದು 2016ರಲ್ಲಿ. ಈ ಬೆಟ್ಟಸಾಲೇ 1868ರ ಲ್ಯಾರಮಿ ಕೋಟೆ ಒಪ್ಪಂದದ ಪ್ರಕಾರ ಲಕೋಟರದು. ಕಿತ್ತುಕೊಂಡದ್ದು ತಪ್ಪೆಂದು 1980ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನು ಎತ್ತಿಹಿಡಿದರೂ ಅವರು ಹಣ ಮುಟ್ಟಿಲ್ಲ, ನೆಲವನ್ನೇ ಕೇಳುತ್ತಿದ್ದಾರೆ. ಸವಾರಿಯ ಬೂಟಿನಲ್ಲಿ ಹತ್ತಬೇಡಿ, ಹಿಮ್ಮಡಿ ಹೋಗುತ್ತದೆ. ಹಗುರ ಶೂ ಒಂದು ಜೊತೆ ತಂದಿರಬೇಕು. ಜಾಕೆಟ್ಟು, ಹೆಲ್ಮೆಟ್ಟುಗಳನ್ನು ಉಕ್ಕಿನ ತಂತಿಯಿಂದ ಬೈಕಿಗೆ ಪೋಣಿಸಿ ಬೀಗ ಹಾಕಬಹುದು. ಮೋಡ ಕಟ್ಟಿದರೆ ತುದಿಯಲ್ಲಿ ನಿಲ್ಲದೆ ಇಳಿಯಿರಿ, ಈ ಬೆಟ್ಟಕ್ಕೆ ಸಿಡಿಲಿನ ನಂಟು ಹೆಚ್ಚು.

ಮೂರನೆಯ ದಿನ: ಬೈಸನ್, ಆಮೇಲೆ ಐರನ್ ಮೌಂಟನ್

ವೈಲ್ಡ್‌ಲೈಫ್ ಲೂಪ್ ಬೆಳಕು ಹರಿದ ಕೂಡಲೇ. ಪಾರ್ಕಿನ ಬೈಸನ್ ಹಿಂಡಿನಲ್ಲಿ ಬೇಸಿಗೆಯಲ್ಲಿ 1,300ಕ್ಕೂ ಹೆಚ್ಚು ತಲೆಗಳಿರುತ್ತವೆ. ಗಂಡು 900 ಕೆ.ಜಿ. ಮುಟ್ಟುತ್ತದೆ, ಗಂಟೆಗೆ 35 ಮೈಲು ಓಡಬಲ್ಲದು. ಕಾರಿನವರಿಗೆ ಬಾಗಿಲಿದೆ, ಬೈಕಿನವರಿಗೆ ಇಲ್ಲ. 100 ಗಜ ದೂರದಲ್ಲೇ ನಿಲ್ಲಿಸಿ. ಹಿಂಡು ರಸ್ತೆ ದಾಟುತ್ತಿದ್ದರೆ ಕಾರೊಂದರ ಹಿಂದೆ ಮರೆಯಾಗಿ, ಹಿಂದಿರುಗಲು ಜಾಗ ಬಿಟ್ಟುಕೊಂಡು ಕಾಯಿರಿ. ಹಾರ್ನ್ ಇಲ್ಲ, ಆಕ್ಸಿಲರೇಟರ್ ಎಬ್ಬಿಸುವುದಿಲ್ಲ. ಬಾಲ ನೆಟ್ಟಗೆ ಎತ್ತಿತೆಂದರೆ ಅದಕ್ಕೆ ಸಿಟ್ಟು ಬಂದಿದೆ. ಒಂದೆರಡು ದಾಟಿ ಹೋದವೆಂದು ನಡುವೆ ನುಗ್ಗಿದರೆ ತಾಯಿಗೂ ಕರುವಿಗೂ ನಡುವೆ ಸಿಕ್ಕಿಕೊಳ್ಳುತ್ತೀರಿ. ಕೊನೆಯದು ದಾಟಿ ದೂರವಾಗುವವರೆಗೆ ಕಾಯುವುದೇ ದಾರಿ. ಹೋರಿಗಳು ಬೆದೆಗೆ ಬರುವ ಜುಲೈ-ಆಗಸ್ಟ್‌ನಲ್ಲಿ ಈ ಎಚ್ಚರ ಎರಡರಷ್ಟು ಬೇಕು.

ಈ ರಸ್ತೆಯಲ್ಲಿ ದನ ದಾಟದಂತೆ ಅಡ್ಡ ಹಾಕಿದ ಉಕ್ಕಿನ ಸರಳುಗಳ ಮೇಲೆ ಬೆಳಗಿನ ಇಬ್ಬನಿ ಕೂತಿರುತ್ತದೆ. ನೆಟ್ಟಗೆ, ಬೈಕು ವಾಲಿಸದೆ, ಬ್ರೇಕಿಲ್ಲದೆ ದಾಟಿ. ಮುಂದೆ ಕತ್ತೆಗಳ ಗುಂಪು ಸಿಗುತ್ತದೆ. ಹಿಂದೆ ಶಿಖರಕ್ಕೆ ಪ್ರವಾಸಿಗರನ್ನು ಹೊತ್ತೊಯ್ಯುತ್ತಿದ್ದ ಕತ್ತೆಗಳ ಸಂತತಿ. ಕಾರಿನ ಕಿಟಕಿಗೆ ತಲೆ ಹಾಕಿ ಬೇಡುವುದು ಅವುಗಳ ವೃತ್ತಿ. ಟ್ಯಾಂಕ್ ಬ್ಯಾಗಿನಲ್ಲಿ ಬಿಸ್ಕತ್ತಿದ್ದರೆ ಚೀಲ ಸಮೇತ ಎಳೆಯುತ್ತವೆ.

ಲೂಪ್ ಮುಗಿಯುವುದು ಸ್ಟೇಟ್ ಗೇಮ್ ಲಾಡ್ಜ್ ಹತ್ತಿರ. 1927ರ ಬೇಸಿಗೆಯಲ್ಲಿ ಅಧ್ಯಕ್ಷ ಕೂಲಿಜ್ ಉಳಿದುಕೊಂಡದ್ದು ಇದೇ ಕಟ್ಟಡದಲ್ಲಿ. ಅಲ್ಲಿ ಬಿಸಿ ತಿಂಡಿ ಮುಗಿಸಿ 16ಎ ಮೇಲೆ ಕೀಸ್ಟೋನ್ ಕಡೆ ಹೊರಟರೆ ಐರನ್ ಮೌಂಟನ್ ರೋಡ್ ಶುರು.

ದಿಕ್ಕು ಮುಖ್ಯ. ಪಾರ್ಕಿನಿಂದ ಉತ್ತರಕ್ಕೆ ಹೋದಾಗ ಮಾತ್ರ ಸುರಂಗಗಳ ಬಾಯಲ್ಲಿ ಅಮೆರಿಕದ ನಾಲ್ವರು ಅಧ್ಯಕ್ಷರ ಮುಖ ಕೆತ್ತಿದ ಮೌಂಟ್ ರಶ್ಮೋರ್ ಶಿಲ್ಪ ಚೌಕಟ್ಟು ಹಾಕಿದಂತೆ ಕಾಣುತ್ತದೆ, ಎದುರು ದಿಕ್ಕಿನಲ್ಲಿ ಅದು ಬೆನ್ನಿಗೆ. ಈ ರಸ್ತೆಯೂ ನಾರ್ಬೆಕ್ ಅವರದೇ. ಮೈಲಿಗೆ ಸರಾಸರಿ 18 ತಿರುವು, 14 ಹೇರ್‌ಪಿನ್, ಮೂರು ಸುರಂಗ, ಮೂರು ಪಿಗ್‌ಟೇಲ್ ಸೇತುವೆ. ಕಡಿದಾದ ಇಳಿತವನ್ನು ಕಿರಿದಾದ ಜಾಗದಲ್ಲಿ ಮುಗಿಸಲು ರಸ್ತೆ ತನ್ನ ಮೇಲೆ ತಾನೇ ಪೂರ್ತಿ ಸುತ್ತಿ ಕೆಳಗೆ ಹಾಯುತ್ತದೆ, ಅದನ್ನು ಹೊತ್ತಿರುವುದು ಮರದ ದಿಮ್ಮಿಗಳು. ವಿನ್ಯಾಸ ಸಿ. ಸಿ. ಗಿಡಿಯನ್ ಅವರದು.

ಈ ಸುತ್ತುಗಳು ನೋಡಿದಾಗ ಒಂದೇ ಬಾಗು, ಆದರೆ ಅರ್ಧದಲ್ಲಿ ಬಿಗಿಯಾದಂತೆ ಅನ್ನಿಸುವುದು ಕಣ್ಣು ಮುಂಚಕ್ರದ ಹತ್ತಿರ ಬಿದ್ದಾಗ. ಎರಡನೆಯ ಗೇರು, ಸ್ಥಿರ ಎಳೆತ, ನೋಟ ಸೇತುವೆಯ ಕೆಳಗಿನ ರಸ್ತೆಯ ಕಡೆ. ಬಿಸಿಲೇರಿದ ಮೇಲೆ ಇನ್ನೊಂದು ಕಾಟ: ಬಿರುಕು ಮುಚ್ಚಲು ಎಳೆದ ಡಾಂಬರಿನ ಪಟ್ಟಿಗಳು ಮೆತ್ತಗಾಗುತ್ತವೆ. ವಾಲಿದ ಟೈರು ಅವುಗಳ ಮೇಲೆ ಕ್ಷಣ ಜಾರಿ ಮತ್ತೆ ಹಿಡಿಯುತ್ತದೆ. ಗಾಬರಿಯಿಂದ ಎಳೆತ ಬಿಟ್ಟರೆ ಜಾರುವುದು ಹೆಚ್ಚು. ಹಾಗೇ ಹೋಗಲು ಬಿಡಿ. ವೇಗಮಿತಿ 35 ಮೈಲು, ಅದನ್ನು ಮುಟ್ಟುವ ಕಡೆಯೂ ಬಹಳವಿಲ್ಲ.

ರಶ್ಮೋರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1927ರಿಂದ 1941ರವರೆಗೆ ಕೆತ್ತಿದ 60 ಅಡಿಯ ಮುಖಗಳು ಸುರಂಗದಿಂದ ಕಂಡಷ್ಟು ಚೆನ್ನಾಗಿ ಜಗಲಿಯಿಂದ ಕಾಣುವುದಿಲ್ಲ. ಪ್ರವೇಶ ಉಚಿತ, ವಾಹನ ನಿಲ್ಲಿಸಲು ದುಡ್ಡು. ನಿಂತ ಕಾರುಗಳ ಸಾಲಿನ ನಡುವೆ ನುಸುಳಿ ಮುಂದೆ ಹೋಗಬೇಡಿ. ಕೊಲೊರಾಡೊದಲ್ಲಿ 2024ರ ಆಗಸ್ಟ್‌ನಿಂದ ನಿಂತ ವಾಹನಗಳ ನಡುವೆ ನಿಧಾನ ಸಾಗಲು ಕಾನೂನು ಒಪ್ಪುತ್ತದೆ, ಸೌತ್ ಡಕೋಟಾ ಒಪ್ಪುವುದಿಲ್ಲ. 18 ತುಂಬಿದವರಿಗೆ ಇಲ್ಲಿ ಹೆಲ್ಮೆಟ್ ಕಡ್ಡಾಯವಲ್ಲ ಎಂಬುದೂ ನಿಜ, ಆದರೆ 50 ಮೈಲು ವೇಗದಲ್ಲಿ ಮುಖಕ್ಕೆ ಬಡಿಯುವ ಮಿಡತೆಗೆ ಆ ಕಾನೂನು ಗೊತ್ತಿಲ್ಲ.

ನಾಲ್ಕನೆಯ ದಿನ: ಮತ್ತೆ ಹೊರೆ

ಬೆಳಗಿನ ಇಬ್ಬನಿಗೆ ಟೆಂಟಿನ ಹೊರಹೊದಿಕೆ ಒದ್ದೆಯಾಗಿರುತ್ತದೆ. ಕಾದು ಒಣಗಿಸಲು ಕೂತರೆ ಮಧ್ಯಾಹ್ನದ ಗಾಳಿಗೆ ಸಿಕ್ಕುತ್ತೀರಿ. ಒದ್ದೆ ಹೊದಿಕೆಯನ್ನು ಬೇರೆ ಚೀಲದಲ್ಲಿ ತುಂಬಿ, ಒಣಗಿದ ಒಳಟೆಂಟನ್ನು ಸ್ಲೀಪಿಂಗ್ ಬ್ಯಾಗ್ ಜೊತೆ ಇಡಿ. ಗೂಟ ಎಣಿಸಿ, ಒಂದು ಜಲ್ಲಿಯಲ್ಲಿ ಉಳಿದರೆ ಮುಂದಿನವರ ಟೈರಿಗೆ ಅದೇ ಮೊಳೆ. ಬೆಂಕಿ ಹಾಕಿದ್ದರೆ ಬೂದಿಯ ಮೇಲೆ ನೀರು ಸುರಿದು, ಕಲಕಿ, ಕೈಯ ಹಿಂಭಾಗಕ್ಕೆ ಬಿಸಿ ತಾಗದಂತಾಗುವವರೆಗೆ ಮತ್ತೆ ಸುರಿಯಿರಿ.

ಪ್ರೀಲೋಡ್ ಅದೇ ಸುತ್ತುಗಳಷ್ಟು ಮೇಲಕ್ಕೆ, ಹಿಂಟೈರಿಗೆ ಗಾಳಿ ಮತ್ತೆ ಇಬ್ಬರ ಮಟ್ಟಕ್ಕೆ. ಸಣ್ಣ 12 ವೋಲ್ಟ್ ಪಂಪಿಗೆ ಐದು ನಿಮಿಷದ ಕೆಲಸ. ಎಂಜಿನ್ ಚಾಲೂ ಇರಲಿ, ಇಲ್ಲದಿದ್ದರೆ ಚಳಿಗೆ ಸೋತ ಬ್ಯಾಟರಿ ಅಲ್ಲೇ ಕೈಕೊಟ್ಟೀತು. ಊಟದ ಮೂಲೆ ಖಾಲಿಯಾಗಿ ಒಂದು ಪ್ಯಾನಿಯರ್ ಹಗುರಾಗಿರುತ್ತದೆ. ಟೂಲುಗಳನ್ನು ಅತ್ತ ಸರಿಸಿ ಎಡಬಲ ತೂಕ ಮತ್ತೆ ಹೊಂದಿಸಿ. ಇದನ್ನು ಬಿಟ್ಟೇ ಹೊರಡುವವರು ಹೆಚ್ಚು, ಬೈಕು ಎಳೆಯುತ್ತಿದೆಯೆಂದು ಲಸ್ಕ್‌ನಲ್ಲಿ ಟೈರನ್ನು ದೂರುವವರೂ ಅವರೇ.

ಬಂದ ದಾರಿಯಲ್ಲೇ 87ರಲ್ಲಿ ದಕ್ಷಿಣಕ್ಕೆ. ವಿಂಡ್ ಕೇವ್ ಒಳಗೆ ಇನ್ನೊಂದು ಪಿಗ್‌ಟೇಲ್ ಸೇತುವೆ ಇದೆ. ಈ ಸಲ ಹೊರೆ ಹೊತ್ತೇ ಸುತ್ತಬೇಕು, ನಿನ್ನೆಗಿಂತ 5 ಮೈಲು ಕಡಿಮೆ ವೇಗದಲ್ಲಿ. ಹಾಟ್ ಸ್ಪ್ರಿಂಗ್ಸ್‌ನಲ್ಲಿ ಪೆಟ್ರೋಲ್, ಲಸ್ಕ್‌ನಲ್ಲಿ ಮತ್ತೆ ಪೆಟ್ರೋಲ್ ಮತ್ತು ಊಟ. ಪಶ್ಚಿಮದ ಗಾಳಿ ಈಗ ಬಲಪಕ್ಕಕ್ಕೆ. ಎದುರಿನ ಟ್ರಕ್ಕುಗಳ ಕಡೆಗೇ ನೂಕುವುದರಿಂದ ಬರುವಾಗಿನದಕ್ಕಿಂತ ಇದು ಕೆಟ್ಟದ್ದು. ಲೇನಿನ ಬಲ ಭಾಗದಲ್ಲೇ ಇರಿ. ಟೊರಿಂಗ್ಟನ್ ಹೊತ್ತಿಗೆ ಹ್ಯಾಂಡಲ್ ಹಿಡಿದ ಕೈ ಮರಗಟ್ಟಿದ್ದರೆ ಅರ್ಧ ಗಂಟೆ ನಿಲ್ಲುವುದು ಒಳ್ಳೆಯದು. ಗಾಳಿ ಅತಿಯಾದರೆ ಷೈಯೆನ್‌ನಲ್ಲಿ ಸಂಜೆಯವರೆಗೆ ಕಾಯಿರಿ, ಸೂರ್ಯ ಇಳಿದಂತೆ ಅದೂ ಸಾಮಾನ್ಯವಾಗಿ ಇಳಿಯುತ್ತದೆ.

ಮನೆ ತಲುಪಿದ ಕೂಡಲೇ, ಚೈನ್ ಇನ್ನೂ ಬಿಸಿಯಿರುವಾಗ ಒರೆಸಿ ಲೂಬ್ ಹಚ್ಚಿ. ಬಿಸಿ ಚೈನಿನ ಸಂದುಗಳಿಗೆ ಅದು ಚೆನ್ನಾಗಿ ಇಳಿಯುತ್ತದೆ, ಬೆಳಗಿನೊಳಗೆ ಗಟ್ಟಿಯಾಗಿ ಹಾರುವುದಿಲ್ಲ. ಟೆಂಟಿನ ಹೊದಿಕೆಯನ್ನು ಅದೇ ರಾತ್ರಿ ಹಗ್ಗಕ್ಕೆ ಹಾಕಿ. ಎರಡು ದಿನ ಚೀಲದಲ್ಲೇ ಉಳಿದರೆ ಬೂಷ್ಟು ಹಿಡಿದು ನೀರು ತಡೆಯುವ ಲೇಪ ಸುಲಿಯತೊಡಗುತ್ತದೆ.